ಕೌದಿಗೆ ಕೌದಿ ಎನ್ನಬಾರದು

ಅಥವಾ ಅಕ್ಕ ತಿದ್ದುತ್ತಿದ್ದ ಆ ಪೆನ್ಸಿಲ್ಲು ಕೆಂಪಾಗಿರಲಿಲ್ಲವೇನೋ. ನೀಲಿ ಇದ್ದಿರಬಹುದು. ಕೆಂಪು ಎಂದರೆ ಓದುವವರಿಗೆ ಕೂಡಲೇ ಒಬ್ಬ ಖಡಕ್ ಮೇಡಂ ಕಣ್ಣಿಗೆ ಬರುತ್ತಾರೆ, ಆ ಅನುಕೂಲಕ್ಕಾಗಿ ನನ್ನ ತಲೆಯೇ ಅದಕ್ಕೆ ಕೆಂಪು ಬಳಿದಿರಬಹುದು. ಬೆರಳಿಗೆ ಎಂಜಲು ಹಚ್ಚಿಕೊಂಡು ಪುಟ ತಿರುವುತ್ತಿದ್ದದ್ದು ಮಾತ್ರ ನಿಜ. ನಾನು ಟೈಪ್ ಮಾಡಿಕೊಟ್ಟ ಹಾಳೆಗಳು ಅವರ ಮೇಜಿನಿಂದ ವಾಪಸ್ ಬಂದಾಗ ಕೆಳಗಿನ ಬಲಮೂಲೆ ಒದ್ದೆಯಾಗಿರುತ್ತಿತ್ತು. ಒಣಗಿದ ಮೇಲೆ ಸುಕ್ಕು ಉಳಿಯುತ್ತಿತ್ತು. ಆ ಮೂಲೆಯನ್ನು ಮುಟ್ಟದೆ ಹಾಳೆ ಎತ್ತಿಕೊಳ್ಳುವುದನ್ನು ನಾನು ನಾಲ್ಕು ವರ್ಷಗಳಲ್ಲಿ ಚೆನ್ನಾಗಿ ಕಲಿತೆ.

ಅವರು ಈಗ ನಿವೃತ್ತರಾಗುತ್ತಿದ್ದಾರೆ. ಇಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ ಫೋನು ಮಾಡಿದ್ದರು.

"ಅಕ್ಕಂಗೆ ಸನ್ಮಾನ ಇಟ್ಕೊಂಡಿದೀವಿ ಸರ್. ಸ್ಮರಣ ಸಂಚಿಕೆಗೆ ನೀವು ಎರಡು ಪೇಜು ಬರ್ಕೊಡ್ಬೇಕು. ನೀವು ರೈಟರು, ಅವರ ಆಫೀಸಲ್ಲೂ ಇದ್ರಿ."

"ಏನು ಬರೀಲಿ?"

"ಏನಾದ್ರೂ ಸ್ವೀಟಾಗಿ. ಅವರ ಸಂಡೇ ಕನ್ನಡ ಕ್ಲಾಸು, ಅವರ ಕಾಫಿ, ಹೀಗೆ. ಸ್ವಲ್ಪ ಹ್ಯೂಮರ್ ಇರ್ಲಿ."

ಆಗಲಿ ಎಂದೆ. ಬರೆಯಲು ಕೂತಾಗ ಬಂದದ್ದು ಇದು. ಇದನ್ನು ಅವರು ಹಾಕಿಕೊಳ್ಳುವುದಿಲ್ಲ.

ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಆಫೀಸಿನಲ್ಲಿ ಮೇಡಂ ಎಂದು ಕರೆಯಲು ಹೋದ ಮೊದಲ ದಿನವೇ ನನಗೆ, "ಮೇಡಂ ಅಂದ್ರೆ ನಿಂಗೆ ಕೆಲಸ ಕೊಡಲ್ಲ, ಅಕ್ಕ ಅಂದ್ರೆ ಜಾಸ್ತಿ ಕೊಡ್ತೀನಿ. ಯಾವುದು ಬೇಕು ನೋಡ್ಕೋ" ಎಂದಿದ್ದರು. ಮೈಸೂರಿನವರು. ವಾರವೆಲ್ಲ ಸ್ಯಾನ್ ಫ್ರಾನ್ಸಿಸ್ಕೋದ ಒಂದು ವಕೀಲರ ಕಚೇರಿಯಲ್ಲಿ ಕೆಲಸ, ಭಾನುವಾರ ಕ್ಯುಪರ್ಟಿನೋದ ಒಂದು ಶಾಲೆಯ ಕೋಣೆಯಲ್ಲಿ ಮಕ್ಕಳಿಗೆ ಕನ್ನಡ. ಇಲ್ಲಿನ ಕಂಪನಿಗಳು ತಮ್ಮ ಸಾಮಾನಿಗೆ ಇಟ್ಟ ಹೆಸರನ್ನು ಯುರೋಪಿನಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿ ಕಾಯುವುದು ಅವರ ವಿಭಾಗದ ಕೆಲಸ. ಅರ್ಜಿಗೆ ಸಹಿ ಹಾಕುವವರು ಅಲ್ಲಿನ ವಕೀಲರು. ಅಡುಗೆಯೆಲ್ಲ ಇಲ್ಲಿ, ಬಡಿಸುವುದಷ್ಟೇ ಅಲ್ಲಿ ಎನ್ನುತ್ತಿದ್ದರು ಅಕ್ಕ. ನಾನು ಗುತ್ತಿಗೆಯ ಮೇಲೆ ಸಾಕ್ಷಿಗಳ ಹೇಳಿಕೆಗಳನ್ನು ತಿದ್ದಿ ಟೈಪ್ ಮಾಡುತ್ತಿದ್ದೆ.

ಆ ಕಾನೂನನ್ನು ಅವರಷ್ಟು ಚೆನ್ನಾಗಿ ಹೇಳಿಕೊಟ್ಟವರಿಲ್ಲ. ಇದನ್ನು ಒಪ್ಪಿಕೊಳ್ಳಲು ಈಗ ಹಲ್ಲು ಕಚ್ಚಬೇಕಾಗಿದೆ. "ಅಮೆರಿಕದಲ್ಲಿ ಹೆಸರನ್ನ ಮೊದಲು ಬಳಸಿದವರು ಯಾರು ಅಂತ ಕೇಳ್ತಾರೆ. ಯುರೋಪಲ್ಲಿ ಮೊದಲು ಅರ್ಜಿ ಹಾಕಿದವರು ಯಾರು ಅಂತ ಕೇಳ್ತಾರೆ. ಸಾಲಲ್ಲಿ ಮುಂದೆ ನಿಂತೋನಿಗೆ ಟಿಕೆಟ್ಟು. ಸಿನಿಮಾ ಅವನ ಅಜ್ಜಂದೇ ಆಗಿರ್ಲಿ, ಹಿಂದೆ ನಿಂತ್ರೆ ಹಿಂದೆ." ಇನ್ನೊಂದು ದಿನ: "ನಿನ್ನ ಹೆಸರು ಇನ್ನೊಬ್ಬರ ಹೆಸರಿನ ಥರ ಇದೆ ಅಂತ ಅಲ್ಲಿನ ಟ್ರೇಡ್‌ಮಾರ್ಕ್ ಆಫೀಸು ತಾನಾಗೇ ತಡೆಯಲ್ಲ ಕಣೋ. ಪ್ರಕಟ ಮಾಡಿ ಮೂರು ತಿಂಗಳು ಕಾಯುತ್ತೆ. ಅಷ್ಟರಲ್ಲಿ ಕೂಗಿಕೊಂಡ್ರೆ ಉಂಟು, ಇಲ್ಲ ಅಂದ್ರೆ ಮುಂದೆ ನೀನೇ ಜಗಳ ಹೂಡ್ಬೇಕು." ಹಿಂದೆ ಕಾಗದದ ಮೇಲೆ ಬರೆದು ತೋರಿಸಲಾಗದ್ದನ್ನು ನೋಂದಾಯಿಸಿಕೊಳ್ಳುತ್ತಿರಲಿಲ್ಲವಂತೆ, ಈಗ ಒಂದು ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದರೂ ನಡೆಯುತ್ತದಂತೆ. "ನನ್ನ ಗೊರಕೆ ಕಳಿಸ್ಲಾ?" ಎಂದು ನಕ್ಕಿದ್ದರು. ನಾನೂ ನಕ್ಕಿದ್ದೆ.

ಅವರ ಪೆನ್ಸಿಲ್ಲಿಗೆ ಒಂದೇ ವೈರಿ. ಯಾರ ಹೇಳಿಕೆ ಬರಲಿ, 'ಬಹುಶಃ', 'ನನಗೆ ನೆನಪಿರುವಂತೆ', 'ಅನ್ನಿಸುತ್ತದೆ' ಎಂದಿದ್ದರೆ ಮೊದಲು ಅದರ ತಲೆ ಹಾರುತ್ತಿತ್ತು. "ಅನ್ನಿಸೋದು ಸಾಕ್ಷಿ ಅಲ್ಲ ಕಣೋ, ಅಜೀರ್ಣ" ಎನ್ನುತ್ತಿದ್ದರು. ಈ ಮಾತು ಅವರದೇ ಎಂದು ನಾನು ಗಟ್ಟಿಯಾಗಿ ಹೇಳಬಲ್ಲೆ. ಅದನ್ನು ಕೇಳಿದ ದಿನ ಮನೆಗೆ ಬಂದು ಹೆಂಡತಿಗೆ ಹೇಳಿ ಮೆಚ್ಚಿಕೊಂಡಿದ್ದೆ.

ಭಾನುವಾರದ ಕ್ಲಾಸಿನಲ್ಲಿ ಅವರದೊಂದು ಪದ್ಧತಿಯಿತ್ತು. ಪ್ರತಿ ಮಗುವೂ ವಾರಕ್ಕೊಂದು ಪದ ತರಬೇಕು. ಪುಸ್ತಕದ್ದಲ್ಲ, ಅಜ್ಜಿಯನ್ನೋ ಅಜ್ಜನನ್ನೋ ಕೇಳಿ ತಂದದ್ದು, ಬೇರೆ ಮಕ್ಕಳಿಗೆ ಗೊತ್ತಿಲ್ಲದ್ದು. ಅಕ್ಕ ಅದನ್ನು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು, ಪಕ್ಕದಲ್ಲಿ ಮಗುವಿನ ಹೆಸರು. ತಂದೆತಾಯಿಗಳಿಗೆ ಕಣ್ಣು ತುಂಬಿ ಬರುತ್ತಿತ್ತು. ಇಲ್ಲಿ ಹುಟ್ಟಿದ ಮಕ್ಕಳ ಬಾಯಲ್ಲಿ ಕರಾವಳಿಯ ಅಡುಗೆಮನೆಯ ಮಾತು, ನಮ್ಮ ಕಡೆಯ ಹೊಲದ ಮಾತು! ನನ್ನ ಮಗಳು, ಆಗ ಆರು ವರ್ಷದವಳು, ಗದಗಿನಲ್ಲಿರುವ ನನ್ನ ಅವ್ವನಿಗೆ ಫೋನು ಮಾಡಿ ಒಂದು ಪದ ಇಸಿದುಕೊಂಡಳು: ಕೌದಿ.

ಕ್ಲಾಸು ಮುಗಿದ ಮೇಲೆ ಅಕ್ಕ ಪಾರ್ಕಿಂಗಿಗೆ ಬಂದರು. "ಏನೋ ಅದು, ಕೌದಿ? ನಮ್ಮ ಕಡೆ ಇಲ್ವಲ್ಲ."

ಹಳೆಯ ಸೀರೆ, ಧೋತರ, ಮಕ್ಕಳ ಅಂಗಿ, ಎಲ್ಲವನ್ನೂ ಕತ್ತರಿಸಿ ಒಂದರ ಮೇಲೊಂದು ಹಾಸಿ ಕೈಯಿಂದ ಹೊಲಿದ ಹೊದಿಕೆ ಎಂದು ನಾನು ವಿವರಿಸಿದೆ. ಮನೆಯ ಯಾರ ಬಟ್ಟೆ ಎಲ್ಲಿದೆ ಎಂದು ಹೊದ್ದವರಿಗೆ ಗೊತ್ತಿರುತ್ತದೆ ಎಂದೂ ಹೇಳಿದೆ. ಈ ಕೊನೆಯದನ್ನು ಹೇಳಿದೆನೋ ಇಲ್ಲವೋ ಖಚಿತವಿಲ್ಲ. ಹೇಳಿದ್ದರೆ ಅವರು ಕೇಳಿಸಿಕೊಳ್ಳಲಿಲ್ಲ.

"ಕೌದಿ, ಕೌದಿ" ಎಂದು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿದರು, ಅಂಗಡಿಯಲ್ಲಿ ದ್ರಾಕ್ಷಿ ರುಚಿ ನೋಡುವವರ ಹಾಗೆ.

ಎಷ್ಟೋ ತಿಂಗಳ ಮೇಲೆ ಗೊತ್ತಾಯಿತು. ಈ ಊರಿನ ಒಂದು ಹೊದಿಕೆ ಕಂಪನಿ, ಅಕ್ಕನ ಕಕ್ಷಿದಾರರು, ಯುರೋಪಿನಲ್ಲಿ ಕೌದಿ ಎಂಬ ಹೆಸರನ್ನು ತಮ್ಮದಾಗಿ ನೋಂದಾಯಿಸಿಕೊಂಡಿದ್ದರು. ಹಾಸಿಗೆ, ಹೊದಿಕೆ, ಪರದೆ, ಟವೆಲು, ನಾಯಿ ಮಲಗುವ ಮೆತ್ತೆ, ಎಲ್ಲಕ್ಕೂ. ಅರಿವೆಗೆ ಅರಿವೆ ಎಂದು ಟ್ರೇಡ್‌ಮಾರ್ಕ್ ಕೊಡುವುದಿಲ್ಲ, ವಸ್ತುವಿನ ಹೆಸರು ಎಲ್ಲರದ್ದು. ಆದರೆ ಕೊಳ್ಳುವ ಯುರೋಪಿನವರಿಗೆ ಆ ಪದದ ಅರ್ಥ ಗೊತ್ತಿರಬೇಕಲ್ಲ? ಗೊತ್ತಿಲ್ಲದಿದ್ದರೆ ಅದು ಬರಿಯ ಸದ್ದು, ಯಾರು ಮೊದಲು ಬಂದರೆ ಅವರದು. ನೋಟ್‌ಬುಕ್ಕು ಯಾಕೆ ಬೇಕಾಗಿತ್ತು ಎಂದು ನನಗೆ ಆಗ ಹೊಳೆಯಿತು. ಅದರಲ್ಲಿದ್ದ ಇನ್ನೆಷ್ಟು ಪದಗಳು ಹೀಗೆ ಹೋದವು ಎಂದು ನಾನು ಲೆಕ್ಕ ಹಾಕಲಿಲ್ಲ. ಲೆಕ್ಕ ಹಾಕಲು ಹೇಸಿಗೆಯಾಯಿತು ಎಂದು ಬರೆಯಬಹುದು. ಆದರೆ ನಾನು ಆಮೇಲೆಯೇ ಅವರ ಆಫೀಸಿಗೆ ಸೇರಿದ್ದು. ಹೇಸಿಗೆಗೆ ಅಷ್ಟು ಬಲವಿರಲಿಲ್ಲ.

"ನಮ್ಮ ಪದ ಯುರೋಪಿಗೆ ಹೋಗಿದೆ ಅಂತ ಖುಷಿಪಡೋ" ಎಂದರು ಅಕ್ಕ. ಮನೆಯಲ್ಲಿ ಮಗಳು ಕೇಳಿದಳು, "ಸೋ ಡು ದೇ ಪೇ ಅಜ್ಜಿ?"

ಆ ಕಂಪನಿ ಯುರೋಪಿನಲ್ಲಿ ಕೌದಿ ಮಾರಿದ್ದು ಇಲ್ಲವೆನ್ನುವಷ್ಟು ಕಡಿಮೆ. ಹಾಗೆ ಐದು ವರ್ಷ ಬಳಸದೆ ಬಿಟ್ಟ ಹೆಸರನ್ನು ರದ್ದುಮಾಡಿ ಎಂದು ಯಾರು ಬೇಕಾದರೂ ಕೇಳಬಹುದು. ಬಳಸಿದ್ದೇನೆ ಎಂದು ತೋರಿಸುವ ಹೊರೆ ಹೆಸರಿನ ಒಡೆಯನ ಮೇಲೆ. ಹಿಂದೆ ಇದಕ್ಕೊಂದು ಉಪಾಯವಿತ್ತು. ಐದು ವರ್ಷ ತುಂಬುವ ಮೊದಲು ಅದೇ ಹೆಸರಿಗೆ ಮತ್ತೆ ಹೊಸ ಅರ್ಜಿ ಹಾಕುವುದು, ಗಡಿಯಾರ ಮೊದಲಿನಿಂದ ಶುರು. ಅಲ್ಲಿನ ನ್ಯಾಯಾಲಯಗಳು ಈಚಿನ ವರ್ಷಗಳಲ್ಲಿ ಆ ಆಟಕ್ಕೆ ದುರುದ್ದೇಶ ಎಂದು ಹೆಸರಿಡತೊಡಗಿದವು. "ಹಾಳಾದೋರು, ಒಂದೊಂದೇ ಕಿಟಕಿ ಮುಚ್ತಾ ಇದಾರೆ" ಎಂದು ಅಕ್ಕ ಗೊಣಗಿದ್ದು ನೆನಪಿದೆ.

ಹಾಗೆ ಮುಚ್ಚಿದ ಕಿಟಕಿಯ ಆಚೆ ನಿಂತವರು ಶಮೀಮ್. ಹುಬ್ಬಳ್ಳಿಯವರು, ರಾಟರ್‌ಡ್ಯಾಮಿನಲ್ಲಿ ಗಂಡನೊಂದಿಗೆ ಇರುವವರು. ಹುಬ್ಬಳ್ಳಿಯಲ್ಲಿ ಅವರ ಅಮ್ಮ, ಚಿಕ್ಕಮ್ಮ, ಓಣಿಯ ಹೆಣ್ಣುಮಕ್ಕಳು ಹೊಲಿದ ಕೌದಿಗಳನ್ನು ತರಿಸಿ ಅಲ್ಲಿನ ಸಂತೆಯಲ್ಲಿ, ವೆಬ್‌ಸೈಟಿನಲ್ಲಿ ಮಾರುತ್ತಿದ್ದರು. ಏನೆಂದು ಮಾರುತ್ತಿದ್ದರು? ಕೌದಿ ಎಂದು. ಕಂಪನಿಯ ನೋಟೀಸು ಹೋಯಿತು: ಹೆಸರು ತೆಗೆಯಿರಿ. ಅವರು ಹೆದರದೆ ವಕೀಲರನ್ನು ಹಿಡಿದು, ಈ ಹೆಸರನ್ನು ನೀವು ಐದು ವರ್ಷದಿಂದ ಬಳಸಿಲ್ಲ, ರದ್ದುಮಾಡಿ ಎಂದು ತಿರುಗಿ ಅರ್ಜಿ ಹಾಕಿದರು. ಅವರು ಗೆದ್ದರೆ ಓಣಿಯವರ ಕೌದಿ ಕೌದಿಯಾಗಿಯೇ ಮಾರಾಟವಾಗುತ್ತಿತ್ತು. ಸೋತರೆ ವೆಬ್‌ಸೈಟು, ಚೀಟಿ, ಸಂತೆಯ ಬೋರ್ಡು ಎಲ್ಲ ತೆಗೆಯಬೇಕು, ಗಿರಾಕಿಗಳು ಹುಡುಕುವ ಹೆಸರೇ ಹೋಗುತ್ತದೆ.

ನಾನು ಒಮ್ಮೆ ಅಕ್ಕನನ್ನು ಕೇಳಿದೆ. ಯುರೋಪಿನವರು ಈಚೆಗೆ ಕೈಕಸುಬುಗಳಿಗೂ ಊರಿನ ಹೆಸರಿನ ರಕ್ಷಣೆ ಕೊಡಲು ಶುರುಮಾಡಿದ್ದರು. ವೈನು, ಚೀಸಿಗೆ ಇದ್ದದ್ದು ಈಗ ಗಾಜು, ಚಾಕು, ಲೇಸಿಗೂ. "ಕೌದಿಗೆ ಅದು ಸಿಗಲ್ವಾ?"

"ಯಾವ ಊರದ್ದು ಕೌದಿ?"

"ಹುಬ್ಬಳ್ಳಿ, ಗದಗ, ಬೆಳಗಾವಿ, ಎಲ್ಲ ಕಡೆದೂ."

"ಎಲ್ಲ ಊರದ್ದು ಅಂದ್ರೆ ಯಾವ ಊರದ್ದೂ ಅಲ್ಲ. ಅರ್ಜಿ ಹಾಕೋರೂ ಯಾರೂ ಇಲ್ಲ. ಕಾಫಿ ಕುಡಿ."

ಕಂಪನಿಯ ಹತ್ತಿರ ಇದ್ದ ಪುರಾವೆ ಒಂದೇ, ಅದು ನಾನು. ಆಫೀಸು ಸೇರುವ ಮೊದಲು ಒಮ್ಮೆ ಫ್ರಾಂಕ್‌ಫರ್ಟ್ ಮಾರ್ಗವಾಗಿ ಊರಿಗೆ ಹೊರಟಿದ್ದೆ, ನಡುವೆ ಎರಡು ದಿನ ಅಲ್ಲಿ ನೆಂಟರ ಮನೆಯಲ್ಲಿ. ಇಲ್ಲಿ ಯಾರಾದರೂ ಪ್ರಯಾಣ ಹೊರಟರೆ ಒಬ್ಬರು ಔಷಧಿ, ಒಬ್ಬರು ಲ್ಯಾಪ್‌ಟಾಪು ಕೊಟ್ಟು ಕಳಿಸುವುದು ರೂಢಿ. ಅಕ್ಕ ಟೇಪು ಸುತ್ತಿದ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟರು. ಅಲ್ಲಿನ ಒಬ್ಬ ಪರಿಚಯದ ಅಂಗಡಿಯವರಿಗೆ ತಲುಪಿಸಿದೆ. ವಿಮಾನ ನಿಲ್ದಾಣದಲ್ಲಿ, ಇದನ್ನು ನೀವೇ ತುಂಬಿದ್ದಾ ಎಂದು ಕೇಳಿದಾಗ ಎಲ್ಲರಂತೆ ಹೌದು ಎಂದಿದ್ದೆ. ಬಿಚ್ಚಿ ನೋಡಿರಲಿಲ್ಲ. ಅಂಗಡಿಯವರ ಬಿಲ್ಲಿನಲ್ಲಿ 'ಹೊದಿಕೆ' ಎಂದಷ್ಟೇ ಇತ್ತು. ಅದರಲ್ಲಿ ಹೆಸರೇ ಇಲ್ಲದ್ದರಿಂದ ಹೆಸರು ಬಳಸಿದ್ದಕ್ಕೆ ಪುರಾವೆಯಾಗಿ ಅದು ಸಾಕಾಗದು.

ಅಕ್ಕ ನನ್ನನ್ನು ಕೋಣೆಗೆ ಕರೆದು ಫ್ಲಾಸ್ಕಿನ ಕಾಫಿ ಬಗ್ಗಿಸಿದರು, ನಿಪ್ಪಟ್ಟಿನ ಡಬ್ಬಿ ಮುಂದಿಟ್ಟರು.

"ಪೆಟ್ಟಿಗೆ ಭಾರ ಇತ್ತಾ?"

"ನೆನಪಿಲ್ಲ ಅಕ್ಕ."

"ಒಂದು ಕೈಲಿ ಎತ್ತಿದ್ಯಾ, ಎರಡು ಕೈಲಾ?"

"ಎರಡು ಅನ್ನಿಸುತ್ತೆ."

"ಏನು?"

"ಎರಡು."

"ಅಲ್ಲಾಡಿಸಿದ್ರೆ ಸದ್ದು ಬಂತಾ?"

"ಇಲ್ಲ."

"ಸದ್ದಿಲ್ಲ, ಭಾರ ಇದೆ. ಕಲ್ಲಲ್ಲ, ಪಾತ್ರೆ ಅಲ್ಲ. ಏನಿರ್ಬೇಕು ಹೇಳು? ನಾನು ಹೇಳ್ಕೊಡ್ತಾ ಇಲ್ಲ. ನೀನೇ ಹೇಳು."

"ಬಟ್ಟೆ."

"ಯಾರ ಬಟ್ಟೆ?"

ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯಲ್ಲಿ ಹನ್ನೆರಡು ಕೌದಿಗಳಿದ್ದವು, ಪ್ರತಿಯೊಂದರ ಮೂಲೆಗೂ ಕೌದಿ ಎಂದು ಬರೆದ ಕಂಪನಿಯ ಬಟ್ಟೆಪಟ್ಟಿ. ಅವರು ಒಂದು ಸುಳ್ಳನ್ನೂ ಹೇಳಲಿಲ್ಲ, ಪ್ರಶ್ನೆಗಳನ್ನಷ್ಟೇ ಕೇಳಿದರು. ಇವತ್ತಿಗೂ ಆ ಪೆಟ್ಟಿಗೆ ನೆನೆದರೆ ಒಳಗಿನ ಬಣ್ಣಗಳು ನನಗೆ ಕಾಣುತ್ತವೆ, ಅದರಲ್ಲೂ ಮೇಲಿನದೊಂದರ ಹಳದಿ ಅಂಚು. ಅದು ಆ ಮಧ್ಯಾಹ್ನ ಹುಟ್ಟಿದ ಹಳದಿ. ಅದನ್ನು ತೆಗೆದುಹಾಕಲು ನನಗೆ ಆಗುತ್ತಿಲ್ಲ. ನನ್ನ ತಲೆಯೊಳಗೂ ಅವರು ಒದ್ದೆ ಬೆರಳಿಂದ ಪುಟ ತಿರುವಿ ಹೋಗಿದ್ದಾರೆ.

ಹೇಳಿಕೆಯನ್ನು ಬರೆದದ್ದು ನಾನೇ. ಚೆನ್ನಾಗಿ ಬರೆದೆ. ಮುಂಜಾನೆಯ ಫ್ರಾಂಕ್‌ಫರ್ಟು, ಅಂಗಡಿಯ ಗಾಜಿನ ಬಾಗಿಲು, ಪೆಟ್ಟಿಗೆ ತೆರೆದಾಗ ಒಡೆಯನ ಮುಖ. "ನೋಡು, ರೈಟರ್ ಇದ್ರೆ ಹೀಗೆ" ಎಂದು ಅಕ್ಕ ಬೆನ್ನು ತಟ್ಟಿದರು. ಯಾಕೆ ಸಹಿ ಹಾಕಿದೆ ಎಂದು ಹೆಂಡತಿ ಕೇಳಿದಾಗ ಕೆಲಸ ಹೋದೀತೆಂಬ ಭಯ ಎಂದೆ. ಅದು ಅರ್ಧ. ಉಳಿದರ್ಧ, ವಾಕ್ಯಗಳು ನನಗೆ ಇಷ್ಟವಾಗಿದ್ದವು.

ಇನ್ನು ಫೋಟೋ. ಅಂಗಡಿಯಲ್ಲಿ ಯಾರೂ ಫೋಟೋ ತೆಗೆದಿರಲಿಲ್ಲ, ಕಂಪನಿಯ ಗೋದಾಮಿನಲ್ಲಿ ಹಳೆಯ ಮಾಲು ಉಳಿದಿರಲಿಲ್ಲ. "ನಿಮ್ಮನೇಲಿ ಒಂದು ಕೌದಿ ಇರ್ಬೇಕಲ್ಲ? ಎರಡು ದಿನಕ್ಕೆ ಕೊಡೋ. ಇಂಥದ್ದು ಅಂತ ತೋರ್ಸೋಕೆ ಅಷ್ಟೇ." ಕೊಟ್ಟೆ. ಹಿಂದಿನ ವರ್ಷ ಅವ್ವ ಇಲ್ಲಿಗೆ ಬಂದು ಆರು ತಿಂಗಳಿದ್ದಾಗ ಹೊಲಿದದ್ದು. ನಮ್ಮ ಅಪಾರ್ಟ್‌ಮೆಂಟಿನ ಕಾರ್ಪೆಟ್ಟಿನ ಮೇಲೆ ಕಾಲು ಚಾಚಿ ಕೂತು, ನನ್ನ ಅಂಗಿ, ಸೊಸೆಯ ಸೀರೆ, ಮೊಮ್ಮಗಳ ಟೀ-ಶರ್ಟು, ಏನು ಸಿಕ್ಕರೆ ಅದನ್ನು ಕತ್ತರಿಸಿ ಹಾಕಿದ್ದಳು. ಅದರ ಮೂಲೆಗೆ ಆಫೀಸಿನಲ್ಲಿ ಒಂದು ಪಟ್ಟಿ ಹೊಲಿಸಿ ಫೋಟೋ ತೆಗೆದರು. ಹೇಳಿಕೆಯ ಕೊನೆಯಲ್ಲಿ ನಾನು 'ನಾನು ತಲುಪಿಸಿದಂಥ ಕೌದಿ' ಎಂದು ಬರೆದಿದ್ದೆ. ಪೆನ್ಸಿಲ್ಲು, ಕೆಂಪೋ ನೀಲಿಯೋ, ಅದನ್ನು 'ನಾನು ತಲುಪಿಸಿದ ಕೌದಿ' ಎಂದು ಮಾಡಿತು.

ಅಚ್ಚಾದ ಫೋಟೋ ನೋಡಿದಾಗ ಮೂರನೆಯ ಸಾಲಿನಲ್ಲಿ ಮಗಳ ಶಾಲೆಯ ಓಟದ ಟೀ-ಶರ್ಟಿನ ತುಂಡು ಕಂಡಿತು. ಪ್ರತಿ ವರ್ಷ ಬೇರೆ ಬಣ್ಣದ್ದು ಕೊಡುತ್ತಾರೆ, ಬೆನ್ನ ಮೇಲೆ ಇಸವಿ ಹಾಕಿ. ಅವ್ವನ ಕತ್ತರಿ ಇಸವಿಯ ಕೊನೆಯ ಎರಡು ಅಂಕಿಗಳನ್ನು ಉಳಿಸಿತ್ತು. ನಾನು ಫ್ರಾಂಕ್‌ಫರ್ಟಿಗೆ ಹೋಗಿ ಎರಡು ವರ್ಷ ಆದ ಮೇಲಿನ ಇಸವಿ.

ಅಕ್ಕನಿಗೆ ಅದು ಹೂವಿನ ಸೀರೆಯ ಪಕ್ಕದ ಹಸಿರು ತುಂಡು, ಅಷ್ಟೇ. ಮೈಸೂರಿನ ಮಡಿಸಿದ ದುಪ್ಪಟಿಗಳ ನಡುವೆ ಬೆಳೆದವರು. ಕೌದಿಯಲ್ಲಿ ಪ್ರತಿ ತುಂಡಿಗೂ ಒಂದು ದಿನ, ಒಂದು ಮೈ ಇರುತ್ತದೆ ಎಂದು ಅವರಿಗೆ ತಿಳಿದಿರಲಿಲ್ಲ. ನಾನು ಆಗ ಅವರಿಗೆ ಅದನ್ನು ತೋರಿಸಿದೆ ಎಂಬ ಒಂದು ನೆನಪು ನನ್ನಲ್ಲಿದೆ. ಅವರು ಕನ್ನಡಕ ಸರಿಮಾಡಿಕೊಂಡು "ಯಾರು ನೋಡ್ತಾರೋ" ಎಂದರೆಂದೂ ಇದೆ. ಈ ನೆನಪು ನನಗೆ ತುಂಬ ಅನುಕೂಲವಾಗಿದೆ. ಅದಕ್ಕೇ ನಂಬುವುದಿಲ್ಲ. ತೋರಿಸಲಿಲ್ಲ ಎಂದೇ ಇಟ್ಟುಕೊಳ್ಳಿ.

ಪುರಾವೆಗಳು ಯುರೋಪಿಗೆ ಹೋದವು. ರಾಜಿಗೆ ಒಂದು ವೀಡಿಯೊ ಕರೆ ಗೊತ್ತಾಯಿತು. ಆ ಕಡೆ ಶಮೀಮ್ ತಮ್ಮ ಅಡುಗೆಮನೆಯಲ್ಲಿ, ಪಕ್ಕದ ಚೌಕದಲ್ಲಿ ಅವರ ಡಚ್ ವಕೀಲ. ಈ ಕಡೆ ಅಕ್ಕ, ಕಾಗದ ಹಿಡಿದುಕೊಂಡ ನಾನು. ಇಂಗ್ಲಿಷಿನಲ್ಲಿ ಹತ್ತು ನಿಮಿಷ ನಡೆದ ಮೇಲೆ ಶಮೀಮ್ ಕನ್ನಡಕ್ಕೆ ತಿರುಗಿದರು. ಡಚ್ ವಕೀಲ ಮುಗುಳ್ನಗುತ್ತ ಕೂತ.

"ಅಕ್ಕಾರ, ನೀವೂ ಕನ್ನಡದವ್ರು. ಕೌದಿಗೆ ಕೌದಿ ಅನ್ನಲಾರ್ದ ಮತ್ತೇನ್ ಅನ್ನೂಣ್ರಿ?"

"ಕ್ವಿಲ್ಟ್ ಅನ್ನಿ ಅಮ್ಮಾ. ಯಾರು ಬೇಡ ಅಂದ್ರು?"

"ನಮ್ಮ ಅಮ್ಮಗ ಹೇಳ್ರಿ ಹಂಗಂತ. ಸೂಜಿ ತಗೊಂಡ್ ಬರ್ತಾಳ."

ಅಕ್ಕ ನಕ್ಕರು. "ಕೋಪ ಮಾಡ್ಕೋಬೇಡಿ. ಇದು ವ್ಯವಹಾರ. ನಿಮ್ಮ ಕೌದಿ ಚೆನ್ನಾಗಿರುತ್ತಂತೆ, ನಮ್ಮೋರೇ ಕೊಂಡ್ಕೋಬಹುದು. ಅವರ ಲೇಬಲ್ಲಲ್ಲಿ ಹೊಲಿದುಕೊಡಿ."

ಶಮೀಮ್ ಒಂದು ಹಾಳೆ ಎತ್ತಿ ಕ್ಯಾಮೆರಾಗೆ ಹಿಡಿದರು. ನಮ್ಮ ಫೋಟೋ. "ಈ ಕೌದಿ ಕಂಪನಿದಲ್ಲ ಬಿಡ್ರಿ. ಕಂಪನಿ ಹೊಲಿಗಿ ಇಷ್ಟ್ ಸಣ್ಣ ಇರಂಗಿಲ್ಲ. ಇದು ಗದಗಿನ ಕಡೀದ್ ಕೈ, ಅದೂ ವಯಸ್ಸಾದ್ ಹೆಣ್ಮಗಳ್ದು. ಸಾಲು ಕಡೀಕ್ ಕಡೀಕ್ ಬಾಗ್ಯಾವ, ಕಣ್ ಮಂಜಾಗಿರ್ಬೇಕ್." ಆಮೇಲೆ ನನ್ನ ಹೆಸರು ಕಾಗದದಲ್ಲಿ ನೋಡಿಕೊಂಡು, "ಅಣ್ಣಾರ, ತಲುಪ್ಸಿದವ್ರು ನೀವಲ್ಲ? ಹೊಲಿದವ್ರು ಯಾರ್ರೀ ಇದನ್ನ?" ಎಂದರು.

ಆ ದನಿಯಲ್ಲಿ ಆರೋಪವಿರಲಿಲ್ಲ. ಒಳ್ಳೆಯ ಕೈಯೊಂದನ್ನು ಕಂಡವರು ಕೇಳುವ ಹಾಗೆ ಕೇಳಿದರು. ಅಕ್ಕ ನನ್ನ ಕಡೆ ನೋಡಲಿಲ್ಲ. ಬೆರಳಿಗೆ ಎಂಜಲು ಹಚ್ಚಿಕೊಂಡು ಒಂದು ಪುಟ ತಿರುವಿದರು.

"ಗೊತ್ತಿಲ್ಲರೀ" ಎಂದೆ.

"ಹೌದ್ರಿ?" ಎಂದರು ಶಮೀಮ್. ಹಾಳೆ ಕೆಳಗಿಟ್ಟರು. ಮತ್ತೆ ಇಂಗ್ಲಿಷ್ ಶುರುವಾಯಿತು. ಆ ಕನ್ನಡ ಯಾವ ಟಿಪ್ಪಣಿಯಲ್ಲೂ ದಾಖಲಾಗಿಲ್ಲ.

ಕರೆ ಮುಗಿದ ಮೇಲೆ ಅಕ್ಕ ಡಬ್ಬಿ ಮುಂದೆ ತಳ್ಳಿ, "ಪಾಪ, ಒಳ್ಳೇ ಹುಡುಗಿ. ತಗೋ, ನಿಪ್ಪಟ್ಟು" ಎಂದರು. ತಿಂದೆ.

ಒಂದು ತಿಂಗಳಲ್ಲಿ ಶಮೀಮ್ ಅರ್ಜಿ ಹಿಂತೆಗೆದುಕೊಂಡರು. ಹೆಸರು ಬಳಸುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟರು. ಆಫೀಸಿನಲ್ಲಿ ಅಕ್ಕ ಎಲ್ಲರಿಗೂ ಮೈಸೂರು ಪಾಕು ಹಂಚಿದರು. ನನ್ನ ಗುತ್ತಿಗೆ ಮುಗಿದಾಗ ನಾನು ನವೀಕರಿಸಿಕೊಳ್ಳಲಿಲ್ಲ. ಪ್ರತಿಭಟನೆ ಎಂದು ಯಾರೂ ತಿಳಿಯಬಾರದು. ಫಾಸ್ಟರ್ ಸಿಟಿಯಲ್ಲಿ ಇನ್ನೊಂದು ಕೆಲಸ ಸಿಕ್ಕಿತ್ತು.

ಕೌದಿ ಮನೆಗೆ ವಾಪಸ್ ಬಂತು. ಪಟ್ಟಿ ಚುಚ್ಚುತ್ತದೆ ಎಂದು ಮಗಳು ಕತ್ತರಿ ತಂದಳು, ನಾನು ಬಿಚ್ಚಿದೆ.

ಅಕ್ಕನನ್ನು ಕೆಟ್ಟವರೆಂದು ಬರೆದು ಮುಗಿಸಿದರೆ ನನಗೆ ಸುಲಭ. ಅವರು ಎಷ್ಟೋ ಮಕ್ಕಳಿಗೆ ಅಕ್ಷರ ತಿದ್ದಿಸಿದ್ದು ನಿಜ, ನನ್ನ ಮಗಳು ಅವ್ವನ ಜೊತೆ ಅಷ್ಟಿಷ್ಟು ಮಾತಾಡುವುದು ಅವರಿಂದಲೇ. ಆ ಅಕ್ಷರಗಳ ಮೇಲೂ ಎಂಜಲು ಇದೆ ಎನ್ನುವುದೂ ನಿಜ. ಸನ್ಮಾನದ ದಿನ ಹಾರ ಹಾಕಿಸಿಕೊಂಡು, ಕನ್ನಡ ಉಳಿಯಬೇಕು ಎಂದು ಅವರು ಹೇಳುತ್ತಾರೆ. ನಾನು ಹೋಗುವುದಿಲ್ಲ.

ಶಮೀಮ್ ಆ ಹಸಿರು ತುಂಡಿನ ಅಂಕಿಗಳನ್ನು ನೋಡಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಹೊಲಿಗೆಯ ಸಾಲು ನೋಡಿ ಕಣ್ಣು ಮಂಜಾಗಿದೆ ಎಂದು ಹೇಳಬಲ್ಲವರು ಅಂಕಿ ನೋಡದೆ ಇರುತ್ತಾರೆಯೇ? ನೋಡಿ, ನನ್ನ ಬಾಯಿಂದಲೇ ಬರಲಿ ಎಂದು ಕೇಳಿದರೇ? ವಕೀಲನಿಗೆ ಯಾಕೆ ಹೇಳಲಿಲ್ಲ? ಹೇಳಿಯೂ ಜಗಳ ಮುಂದುವರಿಸುವ ತ್ರಾಣ ಉಳಿದಿರಲಿಲ್ಲವೇ? ಅವರ ವೆಬ್‌ಸೈಟು ಈಗ ತೆರೆಯುವುದಿಲ್ಲ. ಹುಬ್ಬಳ್ಳಿಯ ಆ ಓಣಿಯಲ್ಲಿ ಹೊಲಿಗೆ ನಿಂತಿತೋ, ನಡೆದಿದ್ದರೆ ರಾಟರ್‌ಡ್ಯಾಮಿನ ಸಂತೆಯಲ್ಲಿ ಶಮೀಮ್ ಅದನ್ನು ಮಡಿಸಿ ಕೊಡುವಾಗ ಕೊಂಡವರಿಗೆ ಏನೆಂದು ಹೇಳುತ್ತಾರೋ, ನನಗೆ ಗೊತ್ತಿಲ್ಲ. ಕೇಳಲು ನಂಬರು ಇದೆ. ಕೇಳಿಲ್ಲ.